ತೊಟ್ಟಿಲಿಗೂ ಆಗಬೇಕು, ಮಸಾಲೆಗೂ ಆಗಬೇಕು

ಒಂದು ಒರಳು, ಅದಕ್ಕೊಂದು ಗುಂಡು. ಇಷ್ಟನ್ನು ಕೊಳ್ಳುವುದಕ್ಕೆ ಯಾವ ವಿದ್ಯೆ ಬೇಕು ಹೇಳಿ? ಎರ್ನಾಕುಲಂ ಹತ್ತಿರದ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಅಂಥವನಿಗೆ ಒಂದು ಕಲ್ಲು ಆರಿಸುವುದು ಕಷ್ಟವೇ? ಛೇ, ಖಂಡಿತ ಅಲ್ಲ ಎಂದೇ ನಂಬಿದ್ದೆ.

ನಮಗೆ ಮಗಳು ಹುಟ್ಟಿದ್ದಳು. ಬಾಣಂತನಕ್ಕೆಂದು ಅತ್ತೆ ಬಾಗಲಕೋಟೆಯಿಂದ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಭಾನುವಾರ ಹೆಸರಿಡುವ ಶಾಸ್ತ್ರ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲಿಗೆ ಸ್ನಾನ ಮಾಡಿಸಿ, ತಲೆಗೆ ಕೂಸಿನ ಕುಂಚಿಗೆ ತೊಡಿಸಿ, ಅದನ್ನು ಮೊದಲು ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂಬ ಹಾರೈಕೆ. ಆದರೆ ನಮ್ಮ ಅಡಿಗೆಮನೆಯಲ್ಲಿ ಇದ್ದದ್ದು ಮಿಕ್ಸರ್ ಒಂದೇ!

"ಮಿಕ್ಸರಿನ ಜಾರಿಗೆ ಕುಂಚಿಗಿ ಹಾಕಿ ತೂಗೂಣೇನ್ರಿ?" ಎಂದರು ಅತ್ತೆ.

ನಾನು ತಕ್ಷಣ ಹತ್ತಿರದ ಸೂಪರ್ ಮಾರ್ಕೆಟ್ಟಿಗೆ ಓಡಿ, ಚಹಾಕ್ಕೆ ಶುಂಠಿ ಜಜ್ಜುವ ಪುಟ್ಟ ಕುಟ್ಟಾಣಿ ತಂದೆ. ಅತ್ತೆ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಮರುಕದಿಂದ ನೋಡಿದರು. "ಅಳಿಯಂದ್ರ, ಇದು ದಿನಾ ತುಂಬದ ಕೂಸು. ಬ್ಯಾಡ್ರಿ."

ನನ್ನ ಹೆಂಡತಿ ಸುಮಂಗಲಾಳಿಗೆ ಬೇರೆಯೇ ಸಂಕಟವಿತ್ತು. ಮಿಕ್ಸರಿನಲ್ಲಿ ಮಾಡಿದ ಶೇಂಗಾ ಚಟ್ನಿ ಅವಳ ಪ್ರಕಾರ ಚಟ್ನಿಯಲ್ಲ, ಬರೀ ಹಿಟ್ಟು. "ರೀ, ತೊಟ್ಟಿಲಕ್ಕೂ ಆಗಬೇಕು, ಮಸಾಲಿಗೂ ಆಗಬೇಕು. ಒಳ್ಳಿನ ಹೊಟ್ಟಿ ಆಳ ಇರಬೇಕು, ಒಳಗ ಒರಟ ಇರಬೇಕು, ಇಲ್ಲಂದ್ರ ಮೆಣಸಿನಕಾಯಿ ಜಾರತೈತಿ. ಗುಂಡು ಹೆಂಗಿದ್ರೂ ನಡೀತೈತಿ, ಒಳ್ಳು ನೋಡಿ ತರ್ರಿ." ಒಳ್ಳು ಅಂದರೆ ನಮ್ಮ ಕಡೆ ಒರಳು. ಆಮೇಲೆ ದನಿ ತಗ್ಗಿಸಿದಳು. "ಹೆರಿಗಿಗೆ ದವಾಖಾನಿಗೆ ಹೋಗೂ ದಿನಾನೂ ನನ್ನ ಬ್ಯಾಗ್ ಮನ್ಯಾಗ ಬಿಟ್ಟು ಬಂದ್ರಿ. ಇದೊಂದು ಕೆಲಸ ನೆಟ್ಟಗ ಮಾಡ್ರಿ. ಕೂಸನ್ನ ನಿಮ್ಮ ಕೈಯಾಗ ಕೊಡಾಕ ನಂಗ ಧೈರ್ಯ ಬರಬೇಕೋ ಬ್ಯಾಡೋ?"

ನನ್ನ ಎದೆಗೆ ಚುಚ್ಚಿದ ಮಾತು ಅದು. ಹುಟ್ಟಿದಾಗಿನಿಂದ ಮಗಳನ್ನು ಪಕ್ಕದಲ್ಲಿ ಕೂತು ನೋಡುವ ಅನುಮತಿಯಷ್ಟೇ ನನಗಿತ್ತು; ಎತ್ತಿಕೊಳ್ಳುವ ಅಧಿಕಾರ ಇನ್ನೂ ಮಂಜೂರಾಗಿರಲಿಲ್ಲ. ಒಳ್ಳೆಯ ಒರಳು ತಂದು ಮಗಳನ್ನು ಗೆಲ್ಲುತ್ತೇನೆ ಎಂದು ಶಪಥ ಮಾಡಿದೆ!

ಶನಿವಾರ ಆಫೀಸಿನ ಕೆಲಸವಿದ್ದದ್ದು ತಿರುವನಂತಪುರದಲ್ಲಿ. ಮಧ್ಯಾಹ್ನಕ್ಕೆಲ್ಲ ಮುಗಿಸಿ ಚಾಲೈ ಪೇಟೆಗೆ ನಡೆದೆ. ಮೂಟೆಗಳಿಂದ ಕಾಳುಮೆಣಸು, ಒಣಶುಂಠಿಯ ವಾಸನೆ ಬರುತ್ತಿತ್ತು, ಬಿಸಿಲು ಮಂಪರು ತರಿಸುವಂತಿತ್ತು. ಒಂದು ಅಂಗಡಿಯ ಮುಂದೆ ಕಲ್ಲಿನ ಒರಳುಗಳು ಸಾಲಾಗಿ ಕೂತಿದ್ದವು. ಅಂಗಡಿಯವರು ಒಂದೊಂದನ್ನೇ ಬಗ್ಗಿಸಿ ಒಳಗೆ ನೋಡಿ ಎಂದು ತೋರಿಸಿದರು. ನಾನು ನೋಡಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ಕೈಗೆ ಒಂದು ಗುಂಡು ಬಂದಿತ್ತು.

ಎಂಥ ಗುಂಡು ಅಂತೀರಿ! ತಣ್ಣಗೆ, ನುಣ್ಣಗೆ, ಉದ್ದಕ್ಕೆ ಮೊಳಕೈವರೆಗೂ ಬಂದು, ತಲೆ ಮೊಳಕೈಯ ಬಾಗಿನಲ್ಲಿ ಸರಿಯಾಗಿ ಕೂತುಬಿಟ್ಟಿತು. ನಾನು ಮೆಲ್ಲಗೆ ತೂಗತೊಡಗಿದೆ. ಕಣ್ಣ ಮುಂದೆ ಮಗಳು ಬೆಳೆದಳು. ಸ್ಟೂಲಿನ ಮೇಲೆ ನಿಂತು ಏಲಕ್ಕಿ ಕುಟ್ಟಿದಳು, "ಅಪ್ಪಾಜಿ, ಚಹಾ ತಗೋ" ಎಂದಳು. ಶಾಲೆ ಮುಗಿಸಿದಳು, ಕಾಲೇಜು ಮುಗಿಸಿದಳು, ಮದುವೆ ಮಾಡಿಕೊಂಡು ಗಂಡನ ಕಾರು ಹತ್ತಿದಳು. ನಾನು ಕಲ್ಯಾಣ ಮಂಟಪದ ಬಾಗಿಲಲ್ಲಿ ಒಬ್ಬನೇ ನಿಂತುಬಿಟ್ಟೆ. ದುಃಖ ಉಮ್ಮಳಿಸಿ ಬಂತು.

"ಸಾರ್, ಇದು ಮಸಾಲ ಇಡಿಕ್ಕಾನಲ್ಲೇ?" ಎಂದರು ಅಂಗಡಿಯವರು. ಮಸಾಲೆ ಕುಟ್ಟುವುದಕ್ಕೇ ಅಲ್ಲವೇ ಎಂಬ ಪ್ರಶ್ನೆ. ಕಲ್ಲು ಅಪ್ಪಿಕೊಂಡು ಕಣ್ಣೊರೆಸುವ ಗಿರಾಕಿಯನ್ನು ಅವರು ಪಾಪ ಎಲ್ಲಿ ನೋಡಿದ್ದರು! ಅದರ ಜೋಡಿ ಒರಳನ್ನು ಅವರೇ ಒಂದು ಚೀಲಕ್ಕೆ ಹಾಕಿಕೊಟ್ಟರು. ಅದರ ಹೊಟ್ಟೆ ಒರಟೋ ನುಣುಪೋ ನಾನು ನೋಡಲೇ ಇಲ್ಲ.

ರೈಲಿನಲ್ಲಿ ಒರಳಿನ ಚೀಲ ಸೀಟಿನ ಕೆಳಗೆ ಹೋಯಿತು. ಗುಂಡಿಗೆ ಎಲ್ಲಿ ಪೆಟ್ಟಾದೀತೋ ಎಂದು ಮಗಳಿಗೆ ಕೊಂಡಿದ್ದ ಹಳದಿ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಎದುರಿನ ಸೀಟಿನ ವಯಸ್ಸಾದ ಅಮ್ಮಚ್ಚಿಯೊಬ್ಬರು ಬಾಗಿ, "ಮೋನಾಣೋ, ಮೋಳಾಣೋ?" ಎಂದು ಪಿಸುಗುಟ್ಟಿದರು. ಗಂಡೋ ಹೆಣ್ಣೋ ಎಂದು ಕೇಳಿದರೆ ಹೊಸ ಅಪ್ಪನ ಬಾಯಲ್ಲಿ ಬರುವುದು ಒಂದೇ ಮಾತು. "ಮೋಳ್!" ಎಂದೆ ಹೆಮ್ಮೆಯಿಂದ.

ಮುಗಿಯಿತು! ಅಮ್ಮಚ್ಚಿ ಪಕ್ಕದವನ ಮೊಬೈಲಿನ ಹಾಡು ನಿಲ್ಲಿಸಿದರು, ಬಿಸಿಲು ಬೀಳುತ್ತದೆಂದು ಕಿಟಕಿ ಮುಚ್ಚಿಸಿದರು. ಕಾಫಿ ಮಾರುವವನು ನಮ್ಮ ಸೀಟಿನ ಹತ್ತಿರ ಬಾಯಿ ಮುಚ್ಚಿಕೊಂಡು ದಾಟಿದ. ಇಷ್ಟು ಒಳ್ಳೆಯ ಜನಕ್ಕೆ ಇದು ಕಲ್ಲು ಎಂದು ಹೇಗೆ ಹೇಳುವುದು? ಹೇಳೋಣ ಎಂದುಕೊಂಡೆ, ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ನನಗೂ ಹಿತವಾಗಿಯೇ ಇತ್ತು. ಆಚೆ ಬದಿಯ ಕಿಟಕಿಯಲ್ಲಿ ಹಿನ್ನೀರು, ತೆಂಗಿನ ನೆರಳು, ತೋಳಲ್ಲಿ ಅಳದ ಮಗು. ಅರೆನಿದ್ದೆಯಲ್ಲಿ ತೇಲುತ್ತಾ ಎರ್ನಾಕುಲಂ ತಲುಪಿದೆ.

ಗಡಬಡಿಸಿ ಎದ್ದೆ. ಟವೆಲ್ ಜಾರಿತು. ಧಡ್!

ಅಮ್ಮಚ್ಚಿ ಕಿರುಚಿದ ಕಿರುಚಿಗೆ ಇಡೀ ಬೋಗಿ ಎದ್ದು ನಿಂತಿತು. ಅವರ ಗಾಬರಿ ನೋಡಲಾರದೆ ನಾನು ಗುಂಡನ್ನು ಒಂದೇ ಕೈಯಲ್ಲಿ ಮೇಲೆತ್ತಿ, ಧೂಳು ತಟ್ಟಿ, "ಒನ್ನುಂ ಪಟ್ಟಿಯಿಲ್ಲ! ಏನೂ ಆಗಿಲ್ಲ, ಗಟ್ಟಿ ಇದೆ!" ಎಂದೆ. ಅಮ್ಮಚ್ಚಿಯ ಮುಖದಲ್ಲಿ ಮೊದಲು ಭಯ, ಆಮೇಲೆ ಬೆರಗು, ಆಮೇಲೆ ಹೊಡೆಯುವಂಥ ಕೋಪ ಬಂತು. ನಾನು ಹಿಂದೆ ನೋಡದೆ ಪ್ಲಾಟ್‌ಫಾರ್ಮಿಗೆ ಹಾರಿದೆ.

ಕಾಕ್ಕನಾಡಿನ ಆಟೋದಲ್ಲಿ ಕೂತು ಉಸಿರು ಬಿಟ್ಟಾಗ ಕೈ ಯಾಕೋ ಹಗುರ ಎನಿಸಿತು. ಒರಳು! ಅದು ಸೀಟಿನ ಕೆಳಗೇ ಕೂತು ಕಣ್ಣೂರಿನ ಕಡೆ ಪ್ರಯಾಣ ಮಾಡುತ್ತಿತ್ತು. ಹೆಂಡತಿ ಹೇಳಿದ ಒಂದೇ ಒಂದು ಮಾತು, ಒಳ್ಳು ನೋಡಿ ತರ್ರಿ!

ಮನೆಯಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ, ಕಲ್ಲು ಬಿದ್ದದ್ದನ್ನೂ ಸೇರಿಸಿ. ಸುಮಂಗಲಾ ಬೈಯಲಿಲ್ಲ. ಮಗಳನ್ನು ಇನ್ನಷ್ಟು ತನ್ನತ್ತ ಎಳೆದುಕೊಂಡಳು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಭಾನುವಾರ ಅತ್ತೆ ಗುಂಡಿಗೆ ಎಣ್ಣೆ ಹಚ್ಚಿ ಎರೆದರು, ರೈಲಿನಲ್ಲಿ ಬಿದ್ದು ಚೆಕ್ಕೆ ಎದ್ದಿದ್ದ ಅದರ ತಲೆಗೆ ಕುಂಚಿಗೆ ಕಟ್ಟಿದರು, ತೊಟ್ಟಿಲಲ್ಲಿ ಮಲಗಿಸಿ ಸೊಳ್ಳೆಪರದೆ ಇಳಿಬಿಟ್ಟರು. ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಚೇಚಿ, ಅಂದರೆ ಮಲಯಾಳಿ ಅಕ್ಕ, ಉಡುಗೊರೆ ಹಿಡಿದು ಬಂದರು. ನಮ್ಮ ಶಾಸ್ತ್ರ ಅವರಿಗೇನು ಗೊತ್ತು? ನೇರ ತೊಟ್ಟಿಲಿಗೆ ಬಾಗಿ, ಪರದೆಯೊಳಗೆ ಇಣುಕಿ, ಎಲ್ಲರೂ ಹೇಳುವ ಮಾತನ್ನೇ ಪ್ರೀತಿಯಿಂದ ಹೇಳಿದರು. "ಅಯ್ಯೋ, ಅಚ್ಛನ್ಡೆ ಅದೇ ಮುಖಂ!"

"ಏನಂತಾರಬೇ?" ಎಂದರು ಅತ್ತೆ.

ಸುಮಂಗಲಾ ನಗು ತಡೆಯಲಾರದೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. "ಥೇಟ್ ಅಪ್ಪನ ಮಾರಿ ಅಂತಾರ, ಅವ್ವಾ. ಖರೇನ ಐತಿ. ಕೆಲಸಕ್ಕ ಬರಂಗಿಲ್ಲ, ಆದ್ರೂ ನಮ್ಮದು ಅಂತ ಮನ್ಯಾಗ ಇಟಗೊಂಡೇವಿ."

ಹೀಗೆ ಹೇಳಿ, ಎಲ್ಲರ ಮುಂದೆ, ಮಗಳನ್ನು ಮೊದಲ ಸಲ ನನ್ನ ಕೈಗೆ ಕೊಟ್ಟಳು. ಗೆದ್ದೆ ಎಂದುಕೊಂಡು ತಲೆ ಎತ್ತಿ ಎಲ್ಲರನ್ನೂ ನೋಡಿದೆ. ಆಮೇಲೆ ಕೆಳಗೆ ನೋಡಿದರೆ, ನನ್ನ ಕೈಗಳ ಕೆಳಗೆ ಸುಮಂಗಲಾಳ ಎರಡೂ ಕೈಗಳು ಹಾಗೇ ಇದ್ದವು!