ಟಗರಿನ ಕತೆಯ ವಾರಸುದಾರ

ಹಾನುಸಜ್ಜನ ಅಂಗಳದ ಬಾವುಟ ಅರ್ಧಕ್ಕೆ ನಿಂತಿರುವುದನ್ನು ಆ ಬೆಳಿಗ್ಗೆ ಮೊದಲು ಕಂಡವನು ಮಿಕ್ಯಾಲ್. ಕಾಣಬಾರದಿತ್ತು. ಕಂಡಮೇಲಾದರೂ ಮನೆಗೆ ಹೋಗಿ ತೆಪ್ಪಗೆ ಆಲೂಗಡ್ಡೆ ಸುಲಿಯಬೇಕಿತ್ತು.

ನಮ್ಮ ದ್ವೀಪದಲ್ಲಿರುವುದು ಹದಿನಾಲ್ಕು ಮನೆ. ಬಾವುಟ ಪೂರ್ತಿ ಏರಿದರೆ ಹುಟ್ಟುಹಬ್ಬವೋ ಮದುವೆಯೋ, ಏನೋ ಒಂದು ಸಂತೋಷ; ಅರ್ಧಕ್ಕೆ ನಿಂತರೆ ಸಾವು. ಹಾನುಸಜ್ಜ ಎದೆಯ ಕಾಯಿಲೆಯೆಂದು ಪಟ್ಟಣದ ಆಸ್ಪತ್ರೆ ಸೇರಿ ಐದು ವಾರವಾಗಿತ್ತು. ಬಾಗಿಲು ತಟ್ಟಿದರೆ ಅವನ ತಂಗಿ ಮಾರ್ಯುನ್ ಇಲ್ಲ. ಬೆಳಗಿನ ದೋಣಿ ಹತ್ತಿ ಹೋಗಿದ್ದಳು. ಆಸ್ಪತ್ರೆಗೆ ಕೇಳೋಣವೆಂದರೆ ಗಾಳಿಗೆ ಟೆಲಿಫೋನ್ ತಂತಿ ಹರಿದು ಮೂರು ದಿನ. ಇನ್ನು ಅನುಮಾನವೇನು?

ಮಿಕ್ಯಾಲನಿಗೆ ದುಃಖವಾಯಿತು, ಸುಳ್ಳಲ್ಲ. ಆದರೆ ದುಃಖದ ಬೆನ್ನಿಗೇ ಇನ್ನೊಂದು ಯೋಚನೆ ನುಗ್ಗಿತು: ಟಗರಿನ ಕತೆ ಇನ್ನು ಯಾರಿಗೆ?

ಇಲ್ಲಿ ಕುರಿಗೆ ಇರುವಂತೆ ಕತೆಗೂ ಒಡೆಯರಿದ್ದಾರೆ. ಒಡೆಯ ಬದುಕಿರುವ ತನಕ ಇನ್ನೊಬ್ಬರು ಹೇಳುವಂತಿಲ್ಲ. ಹೇಳಿದವನಿಗೆ ಆ ಕತೆ ಎಂದೆಂದಿಗೂ ಸಿಗುವುದಿಲ್ಲ. ಒಡೆಯ ತಾನಾಗಿ ಯಾರಿಗಾದರೂ ಕೊಡಬಹುದು. ಕೊಡದೆ ಸತ್ತರೆ ಮೊದಲು ಹೇಳಿದವನದು. ಜಿಲ್ಲಾಧಿಕಾರಿಯ ಟೋಪಿಯನ್ನು ಹಾನುಸಜ್ಜನ ಟಗರು ತಿಂದ ಕತೆಯಂತೂ ದ್ವೀಪಕ್ಕೇ ಚಿನ್ನ. ಅದಿದ್ದವನಿಗೆ ಚಳಿಗಾಲವಿಡೀ ಪ್ರತಿ ಮನೆಯಲ್ಲೂ ಒಲೆಯ ಪಕ್ಕದ ಕುರ್ಚಿ ಖಾಯಂ. ಐವತ್ತು ದಾಟಿದ ಮಿಕ್ಯಾಲನಿಗೆ ತನ್ನದೆನ್ನುವ ಒಂದು ಕತೆಯೂ ಇರಲಿಲ್ಲ. ಪಕ್ಕದ ಮನೆಯ ತುಮ್ಮಾಸನಿಗೂ ಈ ಕತೆಯ ಮೇಲೆ ಕಣ್ಣಿತ್ತು. ಮಿಕ್ಯಾಲ್ ಅಂಗಡಿಗೆ ಓಡಿದ.

"ಏನೋ, ನಾಯಿ ಅಟ್ಟಿಸ್ಕೊಂಡು ಬಂತಾ?" ಎಂದಳು ಅಂಗಡಿಯ ಸುನ್ನೇವಾ.

"ಹಾನುಸಜ್ಜ ಹೋಗ್ಬಿಟ್ರು ಅಕ್ಕ."

"ಅಯ್ಯೋ! ಯಾರು ಹೇಳಿದ್ರು?"

"ಬಾವುಟಾನೇ ಹೇಳ್ತಿದೆಯಲ್ಲ, ನೋಡು."

ಸುನ್ನೇವಾ ಕಿಟಕಿಯಿಂದ ನೋಡಿ ಕಣ್ಣೊರೆಸಿಕೊಂಡಳು. ಮಿಕ್ಯಾಲ್ ಗಡಿಯಾರ ನೋಡಿಕೊಂಡು ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಅವರ ನೆನಪಿಗೆ ಟಗರಿನ ಕತೆ ಹೇಳ್ಲಾ?"

"ಹೆಣಾನೇ ಇನ್ನೂ ಊರಿಗೆ ಬಂದಿಲ್ಲ ಕಣೋ!"

"ತುಮ್ಮಾಸ್ ಬರೋಕೆ ಮುಂಚೆ ಹೇಳ್ಬಿಡ್ತೀನಿ ಅಕ್ಕ."

ಹೇಳಿದ. ಹೇಗೆ ಹೇಳಿದನೆಂದರೆ, ಅಂಗಡಿಯಲ್ಲಿದ್ದ ಮೂವರೂ ನಕ್ಕು ನಕ್ಕು ಅತ್ತರು, ಅತ್ತು ಅತ್ತು ನಕ್ಕರು. ಇಂಥ ನಾಲಿಗೆ ಇವನ ಬಾಯಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಹಕ್ಕು ಗಟ್ಟಿಯಾಗಲೆಂದು ಮಧ್ಯಾಹ್ನದೊಳಗೆ ಏಳು ಮನೆಯಲ್ಲಿ ಹೇಳಿದ, ಏಳು ಮನೆಯಲ್ಲೂ ಕಾಫಿ ಕುಡಿದ. ಅಷ್ಟರಲ್ಲಿ ದ್ವೀಪವೆಲ್ಲ ಕೆಲಸಕ್ಕೆ ಬಿದ್ದಿತ್ತು. ಹೆಂಗಸರು ಮಣ್ಣಿಗೆ ಬರುವವರಿಗೆ ಕೊಡುವ ಕೇಕಿಗೆ ಹಿಟ್ಟು ಕಲಸಿದರು, ಗಂಡಸರು ಕಪ್ಪು ಕೋಟಿನ ಧೂಳು ಕೊಡವಿದರು, ತುಮ್ಮಾಸ್ ಸನಿಕೆ ಹಿಡಿದು ಚರ್ಚಿನ ಹಿಂದೆ ಗುಂಡಿ ತೋಡತೊಡಗಿದ. ಮಿಕ್ಯಾಲ್ ಅಲ್ಲಿಗೂ ಹೋಗಿ, ಗುಂಡಿಯ ಅಂಚಿನಲ್ಲಿ ಕೂತು ಕತೆ ಶುರುಮಾಡಿದ.

"ಹೇಳ್ಕೊಳ್ಳಪ್ಪ," ಎಂದ ತುಮ್ಮಾಸ್ ತಲೆ ಎತ್ತದೆ. "ನಂಗೆ ಅಳು ಬರ್ತಿದೆ, ನಿಂಗೆ ಕತೆ ಬರ್ತಿದೆ."

ಎರಡು ಗಂಟೆಯ ದೋಣಿಗೆ ಶವಪೆಟ್ಟಿಗೆ ಬರುತ್ತದೆಂದು ಊರಿಗೆ ಊರೇ ಕಪ್ಪುಬಟ್ಟೆಯಲ್ಲಿ ದಡಕ್ಕೆ ಬಂತು. ದೋಣಿ ತಾಗಿತು. ಎಲ್ಲರೂ ಸೇರಿ ಕೀರ್ತನೆ ಎತ್ತಿದರು. ಎರಡನೆಯ ಸಾಲಿಗೆ ಹಾನುಸಜ್ಜ ಕೋಲೂರಿಕೊಂಡು, ತಂಗಿಯ ತೋಳು ಹಿಡಿದು ಇಳಿದ. ಹಾಡುತ್ತಿದ್ದ ಬಾಯಿಗಳು ತೆರೆದಂತೆಯೇ ನಿಂತವು.

ಅಜ್ಜ ಗೌರವದಿಂದ ಟೋಪಿ ತೆಗೆದ. "ಯಾರು ಹೋಗಿದ್ದು?"

"ನೀವೇ ಅಜ್ಜ," ಎಂದಳು ಸುನ್ನೇವಾ.

ಮಾರ್ಯುನ್ ತಮ್ಮ ಅಂಗಳದ ಬಾವುಟದತ್ತ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಕರ್ಮ! ಅಣ್ಣ ಬರ್ತಾನೆ ಅಂತ ನಿನ್ನೆ ಸಂಜೆ ಕಾಗದ ಬಂತು, ಖುಷೀಲಿ ಏರಿಸ್ತಿದ್ದೆ, ಹಗ್ಗ ಅರ್ಧಕ್ಕೇ ಸಿಕ್ಕಾಕ್ಕೊಂಡ್ತು. ದೋಣಿ ಬೇರೆ ಕೂಗ್ತು, ಹಂಗೇ ಬಿಟ್ಟು ಓಡಿದೆ!"

ಅಜ್ಜ ಕೆಮ್ಮುತ್ತ ನಕ್ಕ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೆ, ಸಾಯೋ ಮುಂಚೆ ಗುಂಡಿ ತೋಡೋರನ್ನ ಇವತ್ತೇ ಕಂಡಿದ್ದು. ಇರ್ಲಿ, ಎಲ್ರೂ ಸೇರಿದ್ದು ಒಳ್ಳೇದೇ ಆಯ್ತು. ಉದ್ದ ಕತೆ ಹೇಳೋವಷ್ಟು ಉಸಿರು ನಂಗಿನ್ನಿಲ್ಲ ಅಂದ್ರು ಡಾಕ್ಟ್ರು. ಟಗರಿನ ಕತೆ ಕೊಟ್ಟುಬಿಡೋಣ ಅಂತಾನೇ ಬಂದೆ. ಮಿಕ್ಯಾಲ್, ಬಾರೋ ಮುಂದೆ. ನಲವತ್ತು ವರ್ಷ ನೀನು ಕೇಳಿದ ಹಂಗೆ ಯಾರೂ ಕೇಳ್ಲಿಲ್ಲ."

ಮಿಕ್ಯಾಲ್ ಮುಂದೆ ಬರಲಿಲ್ಲ.

"ಹೇಳ್ಬಿಟ್ಟೆ ಅಜ್ಜ," ಎಂದ, ನೆಲ ನೋಡುತ್ತ. "ಬೆಳಗ್ಗೆಯಿಂದ ಏಳು ಮನೇಲಿ ಹೇಳ್ಬಿಟ್ಟೆ."

"ಗುಂಡಿ ಹತ್ರಾನೂ," ಎಂದ ತುಮ್ಮಾಸ್.

ಅಜ್ಜ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸುನ್ನೇವಾಳ ಕಡೆ ತಿರುಗಿ ಕೇಳಿದ: "ಚೆನ್ನಾಗಿ ಹೇಳಿದ್ನಾ?"

"ನಿಮಗಿಂತ ಚೆನ್ನಾಗಿ ಹೇಳಿದ ಅಜ್ಜ."

"ಹೇಳ್ತಾನೆ ಅಂತ ಗೊತ್ತಿತ್ತು." ಅಜ್ಜನ ದನಿ ಇಳಿಯಿತು. "ಅರ್ಧ ದಿನ ತಡೀಬಾರ್ದಿತ್ತೇನೋ, ಮಗಾ?"

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಲಭ. ಆದರೆ ಆ ಹೊತ್ತು ಮಿಕ್ಯಾಲನ ಮುಖ ನೋಡಿದ ನಮಗೆ ಯಾರಿಗೂ ಅನ್ನುವ ಮನಸ್ಸಾಗಲಿಲ್ಲ. ಕಟ್ಟಳೆ ಕಟ್ಟಳೆಯೇ. ಅಜ್ಜ ಕತೆಯನ್ನು ತುಮ್ಮಾಸನಿಗೆ ಕೊಟ್ಟ.

ತುಮ್ಮಾಸ್ ಒಳ್ಳೆಯವನು, ಗುಂಡಿ ಚೆನ್ನಾಗಿ ತೋಡುತ್ತಾನೆ. ಕತೆ ಮಾತ್ರ ಅವನ ಬಾಯಲ್ಲಿ ಕುಂಟುತ್ತದೆ. ಟಗರು ಟೋಪಿಗೆ ಬಾಯಿ ಹಾಕುವ ಹೊತ್ತಿಗೆ ಸರಿಯಾಗಿ ಮರೆತು, "ಆಮೇಲೆ ಏನೋ ಆಯ್ತಪ್ಪ," ಎಂದು ತಲೆ ಕೆರೆದುಕೊಳ್ಳುತ್ತಾನೆ. ಹಾನುಸಜ್ಜ ಕಣ್ಣು ಮುಚ್ಚಿಕೊಳ್ಳುತ್ತಾನೆ. ನಾವೆಲ್ಲ ಮಿಕ್ಯಾಲನ ಕಡೆ ನೋಡುತ್ತೇವೆ. ಅವನ ತುಟಿ ಅಲುಗುತ್ತದೆ. ಸದ್ದು ಮಾತ್ರ ಬರುವುದಿಲ್ಲ.