ಮುಂದೆ ಏರುವ ಬಿಪಿಗೆ ಈಗಲೇ ರಕ್ತ

ಪುತ್ತೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬಸುರಿಯರ ರಕ್ತ ತೆಗೆಯುವ ಕೆಲಸ ನನ್ನದು. ಅಳು ಬರುವ ಜಾಗದಲ್ಲೇ ನಗು ಬರುವುದು ನನ್ನ ಹಣೆಬರಹ. ಗರ್ಭದೊಳಗಿನ ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಅಂಶ ಅಳೆದು, ಮುಂದೆ ಬಿಪಿ ಏರುವ ಅಪಾಯ ಎಷ್ಟು ಉಂಟು ಎಂದು ಮೂರನೇ ತಿಂಗಳಲ್ಲೇ ಅಂದಾಜು ಮಾಡುವ ಪರೀಕ್ಷೆ ಈಗ ಬಂದಿದೆ. ನನ್ನ ಅಕ್ಕನ ಕಾಲಕ್ಕೆ ಇರಲಿಲ್ಲ. ಎಂಟನೇ ತಿಂಗಳಲ್ಲಿ ಬಿಪಿ ಏರಿ ಫಿಟ್ಸ್ ಬಂದು, ಕಡಬದಿಂದ ಇಲ್ಲಿಗೆ ತರುವಾಗ ಉಪ್ಪಿನಂಗಡಿ ದಾಟುವ ಮೊದಲೇ ಹೋದಳು. ಹಾಗಾಗಿ ಒಂದೊಂದು ಟ್ಯೂಬಿನ ಮೇಲಿನ ಹೆಸರನ್ನೂ ಎರಡೆರಡು ಸಲ ಓದುತ್ತೇನೆ.

೧. ಗುಟ್ಟಿನ ಬೆಂಚು

ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಹೇಳುವ ಕ್ರಮ ನಮ್ಮಲ್ಲಿಲ್ಲ, ಕಣ್ಣು ಬೀಳ್ತದೆ. ಕಲ್ಲುಗುಂಡಿಯ ಅತ್ತೆಯೊಬ್ಬರು ಸೊಸೆಗೆ ಶಾಲು ಹೊದಿಸಿ ಕರೆತಂದರು.

"ಹತ್ತಿರದ ಸುಳ್ಯದಲ್ಲೇ ರಕ್ತ ಕೊಡಬಹುದಿತ್ತಲ್ಲ ಅಮ್ಮ?"

"ಅಲ್ಲಿ ಪರಿಚಯದವರು ಸಿಗ್ತಾರೆ ಸಿಸ್ಟರ್."

ಒಳಗೆ ಬೆಂಚಿನಲ್ಲಿ ಕೂತದ್ದು ಯಾರು? ಅವರದೇ ಪಕ್ಕದ ಮನೆಯ ಅತ್ತೆ, ಸೊಸೆ! ಇಬ್ಬರು ಅತ್ತೆಯಂದಿರೂ ಒಟ್ಟಿಗೇ "ಶುಗರ್ ನೋಡ್ಲಿಕ್ಕೆ ಬಂದದ್ದು" ಎಂದರು. ಇಬ್ಬರು ಸೊಸೆಯಂದಿರೂ ಒಟ್ಟಿಗೇ ವಾಂತಿಗೆ ಓಡಿದರು.

೨. ಮಾವನ ಮಾತ್ರೆ

ಶಾಲು ಹೊದ್ದು ಬಂದ ಸೊಸೆಗೆ ಅಪಾಯ ಹೆಚ್ಚು ಎಂದು ಬಂತು. ಡಾಕ್ಟ್ರು ಆಗಾಗ ಬಿಪಿ ನೋಡಿಸಲು ಹೇಳಿ, ರಾತ್ರಿಗೊಂದು ಆಸ್ಪಿರಿನ್ ಬರೆದರು. ಅತ್ತೆ ಸೀದಾ ನನ್ನ ಹತ್ತಿರ ಬಂದರು.

"ಇದು ನಮ್ಮ ಯಜಮಾನರು ಹಾರ್ಟಿಗೆ ತಿನ್ನುವ ಮಾತ್ರೆ. ಇವಳ ಹಾರ್ಟಿಗೆ ಎಂತ ಆಗಿದೆ? ಬಿಪಿಯೂ ಸರಿ ಉಂಟಲ್ಲ?"

"ಈಗ ಸರಿ ಉಂಟು. ಮುಂದೆ ಏರದ ಹಾಗೆ ಕೊಡುದು ಅಮ್ಮ."

"ಬಾರದ ಸೀಕಿಗೆ ಮದ್ದಾ? ಮಳೆ ಬರುವ ಮೊದಲೇ ಕೊಡೆ ಬಿಡಿಸುದಾ?"

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಕತೆ ಹೇಳಿದೆ, ಹೇಳುತ್ತಾ ಅತ್ತೇಬಿಟ್ಟೆ. ಅವರು ಸೆರಗಿನಿಂದ ನನ್ನ ಕಣ್ಣೊರೆಸಿ, "ಆಯ್ತು ಮಾರಾಯ್ತಿ, ತಪ್ಪದೆ ಕೊಡ್ತೇನೆ. ನೀನೂ ಒಂದು ತಿನ್ನು, ನಿನ್ನ ಬಿಪಿ ಈಗಲೇ ಏರಿದೆ" ಎಂದರು.

೩. ಗಾಜಿನ ಪೆಟ್ಟಿಗೆಯ ಹುಡುಗಿ

ಮಾತ್ರೆ ತಿಂದರೂ ಕೆಲವರಿಗೆ ತಪ್ಪುದಿಲ್ಲ. ಸೀಮಂತದ ದಿನ ಹೂ ಮುಡಿದು ಕೂತ ಅದೇ ಸೊಸೆ, "ತಲೆ ಸಿಡಿತಾ ಉಂಟು, ಕಣ್ಣು ಮಂಜು" ಎಂದಳಂತೆ. ನೆಂಟರೆಲ್ಲ "ಆರತಿ ಒಂದು ಮುಗಿಯಲಿ" ಎಂದರು. ಅತ್ತೆ ಆರತಿ ತಟ್ಟೆಯನ್ನು ಕೆಳಗಿಟ್ಟು, ಸೊಸೆಯನ್ನು ಎಬ್ಬಿಸಿ ಜೀಪು ಹತ್ತಿಸಿದರು. ಇಲ್ಲಿಗೆ ಮುಟ್ಟುವಾಗ ಬಿಪಿ ವಿಪರೀತ. ಆ ಬಳೆ ತುಂಬಿದ ಕೈಯನ್ನು ನೇರ ಮಾಡಿ ರಕ್ತ ತೆಗೆದೆ. ದೇವರೇ, ಇನ್ನೊಬ್ಬಳನ್ನು ಕರೆಯಬೇಡ ಎಂದು ಬೇಡಿಕೊಂಡೆ. ಆಪರೇಷನ್ ಮಾಡಿ ಮಗು ತೆಗೆದರು, ತಾಯಿ ಉಳಿದಳು. ಹೆಣ್ಣು ಮಗು ಮಾತ್ರ ಅಂಗೈಯಷ್ಟು, ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಉಳಿಯುತ್ತದೆಂದು ಹೇಳುವ ಧೈರ್ಯ ಡಾಕ್ಟ್ರಿಗೂ ಇರಲಿಲ್ಲ.

ಕೆಲವು ವಾರ ಕಳೆದು, ಇನ್ನು ಭಯವಿಲ್ಲ ಎಂದರು. ಅವತ್ತು ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಹೊರಬಂದರೆ, ಬಾಗಿಲಲ್ಲೇ ಅತ್ತೆ. ಇಷ್ಟು ವಾರ ಅತ್ತು ಅತ್ತು ಕಣ್ಣು ಬಾತಿತ್ತು. ನನ್ನ ಕೈಯ ಟ್ಯೂಬನ್ನೇ ನೋಡಿ ಮೆಲ್ಲಗೆ ಕೇಳಿದರು:

"ಇವಳಿಗೆ ಮುಂದೆ ಎಂಥ ಅತ್ತೆ ಸಿಗ್ತಾಳೆ ಅಂತ ಇದರಲ್ಲಿ ಗೊತ್ತಾಗ್ತದಾ? ನನ್ನ ಹಾಗಿನವಳಾದ್ರೆ ಈಗಲೇ ಮಾತ್ರೆ ಶುರು ಮಾಡುವ."