ಮಹಡಿ ಮೇಲಿನ ಯುರೋಪು

ಟೈಲರಮ್ಮನ ಗಂಡ ಕಾರ್ಖಾನೆಯ ಗೇಟು ಕಾದು ಮೊನ್ನೆ ಮೊನ್ನೆ ನಿವೃತ್ತನಾದವನು. ಯಾರ ಊಟದ ಡಬ್ಬಿಯ ತಳದಲ್ಲಿ ಬೋಲ್ಟು ಅಡಗಿದೆ ಎಂದು ಡಬ್ಬಿ ಮುಟ್ಟದೆ ಹೇಳುತ್ತಿದ್ದ. ಮನೆಯಲ್ಲಿ ಮಾತ್ರ ಮೂಗಿನ ಕೆಳಗಿರುವ ಉಪ್ಪಿನ ಡಬ್ಬಿ ಅವನಿಗೆ ಕಾಣುತ್ತಿರಲಿಲ್ಲ. ಉಪ್ಪೆಲ್ಲಿ, ಟವೆಲ್ಲೆಲ್ಲಿ, ಬೆಂಕಿಪೊಟ್ಟಣವೆಲ್ಲಿ. ಒಂದು ಸಲ ಟೋಪಿಯನ್ನು ತಲೆಯ ಮೇಲೆ ಇಟ್ಟುಕೊಂಡೇ ಟೋಪಿ ಎಲ್ಲಿ ಎಂದು ಕೇಳಿದ್ದ. (ಗಡಿಬಿಡಿಯಲ್ಲಿ ಅವಳೂ ಮಂಚದ ಕೆಳಗೆ ಹುಡುಕಿದ್ದಳು. ಅದನ್ನು ಯಾರಿಗೂ ಹೇಳಿಲ್ಲ.)

ಇಂಥವನನ್ನು ಬಿಟ್ಟು ಒಂದು ವರ್ಷ ಯುರೋಪಿಗೆ ಹೋಗುವುದು ಹೇಗೆ? ಅಲ್ಲಿ ಅವಳ ತಂಗಿ ನರ್ಸು. ಹೆರಿಗೆ ಹತ್ತಿರ ಬಂದಿತ್ತು. ಮಗು ನೋಡಿಕೊಳ್ಳಲು ಒಬ್ಬರು ಬೇಕು, ಮನೆ ಚಿಕ್ಕದು, ಒಬ್ಬಳೇ ಬಾ ಅಕ್ಕ ಎಂದು ಫೋನಿನಲ್ಲಿ ಗೋಗರೆದಿದ್ದಳು. ಟೈಲರಮ್ಮನಿಗೆ ಆಸೆ ಕುತ್ತಿಗೆಯವರೆಗೆ ಬಂದಿತ್ತು. ಊರು ಬಿಟ್ಟು ಹೋಗುವವರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು, ತಾನು ಬಸ್‌ಸ್ಟ್ಯಾಂಡಿನಾಚೆ ಹೋದವಳಲ್ಲ. ಚಳಿಗೆಂದು ಉಳಿದ ತುಂಡುಗಳನ್ನೆಲ್ಲ ಸೇರಿಸಿ ಒಂದು ಕೋಟು ಹೊಲಿದೂ ಆಗಿತ್ತು. ಅದನ್ನು ತೊಟ್ಟರೆ ಸುತ್ತಿಟ್ಟ ಹಾಸಿಗೆಗೆ ಕಾಲು ಬಂದಂತೆ ಕಾಣುತ್ತಿದ್ದಳು.

"ನಾನು ಹೋದ್ರೆ ನಿಮ್ಮ ಗತಿ ಏನು?" ಎಂದಳು.

"ನನಗೇನಾಗಿದೆ? ಧೈರ್ಯವಾಗಿ ಹೋಗು" ಎಂದ ಗಂಡ. ಹಾಗೆಂದು, ಚಮಚ ಎಲ್ಲಿ ಎಂದು ಕೇಳಿದ.

ಕೊನೆಗೆ ಒಂದು ವಾರ ಪರೀಕ್ಷೆ ನಡೆಸುವುದೆಂದು ತೀರ್ಮಾನವಾಯಿತು. ಮಹಡಿಯ ಮೇಲೆ ತುಂಡುಬಟ್ಟೆಯ ಮೂಟೆಗಳ ಒಂದು ಕೋಣೆಯಿತ್ತು. ಒಲೆಯೂ ಬಚ್ಚಲೂ ಇದ್ದವು. ಅದೇ ಯುರೋಪು. ಅವಳು ಇಳಿಯುವಂತಿಲ್ಲ, ಅವನು ಹತ್ತುವಂತಿಲ್ಲ. ಮಾತು ಬೇಕಾದರೆ ಫೋನು.

ಗಂಡ ಪೆಟ್ಟಿಗೆ ಹೊತ್ತು ಮೇಲಿಟ್ಟು, ಗಂಭೀರವಾಗಿ ಸಲ್ಯೂಟು ಹೊಡೆದು ಇಳಿದು ಹೋದ. ಸಂಜೆ ಪಕ್ಕದ ಮನೆಯಾಕೆ ಬಂದು ಟೈಲರಮ್ಮ ಎಲ್ಲಿ ಎಂದಳು. ಯುರೋಪಿನಲ್ಲಿದ್ದಾಳೆ ಎಂದ. ಟೈಲರಮ್ಮ ಆಗ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಪಕ್ಕದವಳು ತಲೆ ಎತ್ತಿ ನೋಡಿದಳು, ಇವಳು ತಲೆ ತಗ್ಗಿಸಿ ನೋಡಿದಳು.

ಅಂದೇ ಫೋನು ಬಂತು. ಉಪ್ಪೆಲ್ಲಿ?

"ನಾನು ಯುರೋಪಿನಲ್ಲಿದ್ದೀನಿ ರೀ. ಹುಡುಕಿಕೊಳ್ಳಿ."

ಆಮೇಲೆ ಫೋನು ಬರಲಿಲ್ಲ. ಮೊದಲ ದಿನ ಕೆಳಗಿನಿಂದ ಸೀದ ವಾಸನೆ ಬಂತು. ಅವಳಿಗೆ ನೆಮ್ಮದಿಯಾಯಿತು. ಮರುದಿನ ಸೀದ ವಾಸನೆ ಇಲ್ಲ. ಅದರ ಮರುದಿನ ಈರುಳ್ಳಿ ಹದವಾಗಿ ಹುರಿದ ವಾಸನೆ. ಅವಳು ಕಿಟಕಿಗೆ ಮೂಗಿಟ್ಟು ನಿಂತಳು. ಫೋನು ಸತ್ತಿದೆಯೇನೋ ಎಂದು ಅಲ್ಲಾಡಿಸಿ ನೋಡಿದಳು. ಬದುಕಿತ್ತು. ಅಷ್ಟರಲ್ಲಿ ಪಕ್ಕದವಳು ಕಾಂಪೌಂಡಿನಿಂದಲೇ ಯುರೋಪಿಗೆ ಕೂಗಿ ಹೇಳಿದಳು, ನಿಮ್ಮವರು ಪರದೆ ಕೂಡ ಒಗೆದಿದ್ದಾರೆ ಅಂತ.

ಪರದೆ! ಇನ್ನು ತಡೆಯಲಾಗಲಿಲ್ಲ. ಕೋಟು ತೊಟ್ಟು (ಪರದೇಶದಿಂದ ಬರುವವಳು ಬರಿಗೈಯಲ್ಲಿ ಬಂದರೂ ಕೋಟಿಲ್ಲದೆ ಬರಬಾರದು) ದಡದಡ ಇಳಿದಳು. ಬಾಗಿಲಲ್ಲಿ ಸ್ಟೂಲು ಹಾಕಿ ಕೂತಿದ್ದ ಗಂಡ ಹಳೆಯ ಅಭ್ಯಾಸದಲ್ಲಿ ಕೈ ಅಡ್ಡ ಹಿಡಿದ.

"ಯಾರು ಬೇಕು? ಪಾಸ್ ಇದೆಯಾ?"

ಅವನನ್ನು ತಳ್ಳಿಕೊಂಡು ಒಳಗೆ ಹೋದಳು. ಅಡುಗೆಮನೆ ಕಾರ್ಖಾನೆಯ ಸ್ಟೋರಿನ ಹಾಗಿತ್ತು. ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಅವಳ ಇಷ್ಟು ವರ್ಷದ ಗೃಹಸಾಮ್ರಾಜ್ಯದ ಒಂದು ಗುರುತೂ ಉಳಿದಿರಲಿಲ್ಲ.

"ಎಲ್ಲಾ ಬರುತ್ತೆ ನಿಮಗೆ. ಹಾಗಾದ್ರೆ ಇಷ್ಟು ವರ್ಷ ಯಾಕೆ ನನ್ನ ಪ್ರಾಣ ತಿಂದ್ರಿ?"

ಗಂಡ ತಲೆ ಕೆರೆದುಕೊಂಡ.

"ಕೇಳಿದ್ರೆ ನೀನು ಮಷೀನು ಬಿಟ್ಟು ಎದ್ದು ಬರ್ತಿದ್ದೆ. ಇಲ್ಲದಿದ್ರೆ ಎಲ್ಲಿ ಬರ್ತಿದ್ದೆ?"

ಅವಳಿಗೆ ಇನ್ನಷ್ಟು ಸಿಟ್ಟು ಬಂತು. ನೇರ ತಂಗಿಗೆ ಫೋನು ಹಚ್ಚಿ, ನಾನು ಬರುವುದಿಲ್ಲ, ನಿಮ್ಮ ಭಾವ ಕಳ್ಳ ಎಂದು ಶುರುಮಾಡಿದಳು. ಅಡುಗೆ ಮಾಡುತ್ತಾನೆ, ಪರದೆ ಒಗೆಯುತ್ತಾನೆ, ಏನೂ ಕೇಳುವುದಿಲ್ಲ, ಇಡೀ ದಿನ ಬಾಗಿಲು ಕಾಯುತ್ತಾನೆ ಎಂದು ಒಂದೊಂದೇ ಅಪರಾಧ ಎತ್ತಿ ಹೇಳಿದಳು.

ಆ ಕಡೆ ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು.

"ಅಕ್ಕ, ಬೇಜಾರು ಮಾಡ್ಕೋಬೇಡ. ಭಾವನ್ನೇ ಕಳಿಸಿಬಿಡು."

ಈಗ ಕೋಟನ್ನು ಬಿಚ್ಚಿ ಗಂಡನ ಅಳತೆಗೆ ಹೊಲಿದು ಕೊಟ್ಟಿದ್ದಾಳೆ. ಟೈಲರಮ್ಮ ಒಬ್ಬಳೇ ಇರಬಲ್ಲಳೇ ಎಂದು ಮತ್ತೆ ಒಂದು ವಾರದ ಪರೀಕ್ಷೆ. ಈ ಸಲ ಅವನು ಮೇಲೆ, ಅವಳು ಕೆಳಗೆ. ಮೊದಲ ದಿನವೇ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಎತ್ತರದ ಪ್ರಕಾರ ನಿಂತ ಡಬ್ಬಿಗಳನ್ನೆಲ್ಲ ತೆರೆದು ನೋಡಿದಳು. ಸಿಗಲಿಲ್ಲ. ಸೌಟು ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಬಂದಳು.

"ರೀ, ಉಪ್ಪೆಲ್ಲಿ?"

ಮೇಲಿನಿಂದ ಕೋಟು ತೊಟ್ಟ ಗಂಡ ಇಣುಕಿದ.

"ಇಲ್ಲಿಗೆ ಕೂಗಿದ್ರೆ ಕೇಳಿಸಲ್ಲ ಕಣೇ. ಫೋನ್ ಮಾಡು."